ಎಣ್ಣೆ ಬಿಡುವ ಕಡಲೆಬೀಜದ ಪರವಾಗಿ ಒಂದು ವಿಜ್ಞಾಪನೆ

ಪೌಚ್ ಕಂಪನಿಯ ದಾಖಲೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ವಿಭಾಗವೂ, ಆ ವಿಭಾಗದ ಕಪಾಟುಗಳೂ, ಕಪಾಟಿನೊಳಗಿನ ಕಡತಗಳೂ, ಆ ಕಡತಗಳನ್ನು ಯಾರೂ ತೆರೆದು ನೋಡದಂತೆ ಹಗಲಿರುಳು ಕಾಯುತ್ತಿರುವ ಬೀಗಗಳೂ ಕ್ಷೇಮವಾಗಿವೆಯೆಂದು ನಂಬಿ, ಎರಡೂ ಕೈ ಜೋಡಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ನಾನು ಬರೆದ ಪತ್ರಗಳನ್ನು ತಾವು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೀರೆಂದರೆ, ಅವುಗಳ ಮೇಲೆ ಇಂದಿನವರೆಗೂ ಓದಿದವರ ಕಣ್ಣಿನ ಧೂಳು ಕೂಡ ಬಿದ್ದಂತಿಲ್ಲ. ಅಷ್ಟು ಭದ್ರವಾದ ಜಾಗಕ್ಕೆ ಇನ್ನೊಂದು ಪತ್ರ ಸೇರಿಸಿ ಜಾಗ ಕಿರಿದು ಮಾಡುವುದು ತರವಲ್ಲವೆಂದು, ಈ ಸಲ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಓದುವ ಅಭ್ಯಾಸವುಳ್ಳ ಯಾರಾದರೊಬ್ಬರು ತಮಗೆ ಇದರ ಸಾರಾಂಶ ಹೇಳಿಯಾರು.

ನಾನು ಯಾರೆಂದು ತಮಗೆ ನೆನಪಿರಲಾರದು. ನಾನೂ ನನ್ನ ಓರಗಿತ್ತಿಯೂ, ಅಂದರೆ ನನ್ನ ಮೈದುನನ ಹೆಂಡತಿಯೂ, ಸೇರಿ ಕಡಲೆಬೀಜದ ಬೆಣ್ಣೆ ಮಾಡುವವರು. ಅಂಗಡಿಯವರು ಪೀನಟ್ ಬಟರ್ ಎನ್ನುತ್ತಾರಲ್ಲ, ಅದೇ. ನಮ್ಮ ಕಾರ್ಖಾನೆ ಮನೆಯ ಹಿಂದಿನ ತಗಡಿನ ಶೆಡ್ಡು. ಎಡಗಡೆ ಲೇತ್ ಕೆಲಸದವರು, ಬಲಗಡೆ ಟೈರಿಗೆ ಪಂಕ್ಚರ್ ಹಾಕುವವರು. ನಾವು ಹುರಿಯಲು ಶುರುಮಾಡಿದೊಡನೆ ಆ ಬೀದಿಯ ಕಬ್ಬಿಣದ ವಾಸನೆ, ರಬ್ಬರಿನ ವಾಸನೆ ಎಲ್ಲವೂ ಸೋತು ಹಿಂದೆ ಸರಿಯುತ್ತವೆ, ಎರಡೂ ಕಡೆಯವರು ಏನೋ ಕೆಲಸದ ನೆಪ ಮಾಡಿಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಹುರಿಯುವುದು, ಸಿಪ್ಪೆ ಊದುವುದು, ಅರೆಯುವುದು, ತುಂಬುವುದು ಓರಗಿತ್ತಿಯ ಪಾಲು. ಕೊಳ್ಳುವುದು, ಮಾರುವುದು, ತಮ್ಮಂಥ ದೊಡ್ಡವರಿಗೆ ಬೇಡಿಕೊಂಡು ಬರೆಯುವುದು ನನ್ನ ಪಾಲು. ಯಾರ ಪಾಲಿನ ಕೆಲಸ ಕಷ್ಟದ್ದು ಎಂಬ ಬಗ್ಗೆ ಮೊದಲು ನಮ್ಮಿಬ್ಬರಲ್ಲಿ ವಾದವಿತ್ತು. ತಮ್ಮ ಪರಿಚಯವಾದ ಮೇಲೆ ಅವಳು ತಾನಾಗಿಯೇ ಆ ವಾದವನ್ನು ಬಿಟ್ಟುಕೊಟ್ಟಳು.

ತಮ್ಮ ಪೌಚಿನ ಬಗ್ಗೆ ಮೊದಲು ನಾಲ್ಕು ಒಳ್ಳೆಯ ಮಾತು ಹೇಳದಿದ್ದರೆ ನಾಲಿಗೆ ನನ್ನನ್ನು ಕ್ಷಮಿಸುವುದಿಲ್ಲ. ಎಂಥ ಹಸಿರು! ಎಂಥ ಹೊಳಪು! ಅದರ ಮೇಲೆ ಅಚ್ಚಾಗಿರುವ ಕಡಲೆಬೀಜದ ಚಿತ್ರ ಎಷ್ಟು ದುಂಡಗಿದೆಯೆಂದರೆ, ಒಳಗಿರುವ ನಿಜವಾದ ಕಡಲೆಬೀಜಕ್ಕೆ ನಾಚಿಕೆಯಾಗಬೇಕು. ನಮ್ಮ ಹೆಸರನ್ನು ಅದರ ಮೇಲೆ ಮೊದಲ ಸಲ ನೋಡಿದಾಗ ಓರಗಿತ್ತಿ ಒಂದು ಪೌಚನ್ನು ಮನೆಗೆ ಒಯ್ದು ಕನ್ನಡಿಯ ಅಂಚಿಗೆ ಸಿಕ್ಕಿಸಿದಳು. ಅದನ್ನು ಮಾರಿದ ತಮ್ಮ ಪ್ರತಿನಿಧಿಗಳು, ಎಣ್ಣೆಯದಾಗಲಿ, ಬಿಸಿಯದಾಗಲಿ, ಯಾವುದನ್ನು ತುಂಬಿದರೂ ಆದೀತೆಂದು ಎದೆ ತಟ್ಟಿ ಹೇಳಿದ್ದರು. ಅವರು ಯಾವ ಮಾತನ್ನು ಆಡಿದರೂ ಕೊನೆಗೆ ‘ಆಯ್ತು ಅಂದ್ಕೊಳ್ಳಿ’ ಎಂದು ಮುಗಿಸುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರಿಗೆ ಅಂದ್ಕೊಳ್ಳಿ ಸಾಹೇಬರು ಎಂದೇ ಹೆಸರು. ನಾವೂ ಆಯಿತೆಂದೇ ಅಂದುಕೊಂಡೆವು.

ಕಡಲೆಬೀಜದ ಸ್ವಭಾವ ತಮ್ಮ ಕಚೇರಿಯವರೆಗೆ ತಲುಪಿರಲಾರದಾದ್ದರಿಂದ ಅರಿಕೆ ಮಾಡಿಕೊಳ್ಳುತ್ತೇನೆ: ಅದನ್ನು ಅರೆದರೆ ಎಣ್ಣೆ ಬಿಡುತ್ತದೆ. ಅರೆಯುವ ಕಲ್ಲಿನ ಉಜ್ಜಾಟಕ್ಕೆ ತಾನೇ ಬಿಸಿಯಾಗುತ್ತದೆ. ಆ ಬಿಸಿಯಲ್ಲೇ ಪೌಚಿಗೆ ಸುರಿಯಬೇಕು, ಆರಿದರೆ ಗಟ್ಟಿಯಾಗಿ ಕೊಳವೆಯಲ್ಲಿ ಇಳಿಯುವುದಿಲ್ಲ. ಹಾಗೆ ತುಂಬಿದ ಪೌಚುಗಳಲ್ಲಿ ಕೆಲವನ್ನು ಅಂಗಡಿಯವರು ಬಿಸಿಲು ಬೀಳುವ ಗಾಜಿನ ಹಿಂದೆ ಅಂದವಾಗಿ ಜೋಡಿಸಿಟ್ಟಿದ್ದರು. ಮಾರಾಟವಾಗದೆ ವಾಪಸು ಬಂದ ಒಂದನ್ನು ಓರಗಿತ್ತಿ ಕತ್ತರಿಸಿ, ಮೂಗಿನ ಹತ್ತಿರ ಹಿಡಿದು, “ಅಕ್ಕ, ಹೊಸದಾಗಿ ಪೇಂಟ್ ಬಳಿದ ಕಿಟಕಿ ಪಕ್ಕ ಕೂತು ತಿಂದ ಹಾಗಿದೆ” ಎಂದಳು. ನಾನೂ ಮೂಸಿದೆ. ಕಿಟಕಿ ಮಾತ್ರವಲ್ಲ, ನನಗೆ ಬಾಗಿಲೂ ಕಂಡಿತು.

ಅದೇ ವಾರದಲ್ಲಿ ದೊಡ್ಡಾಸ್ಪತ್ರೆಯ ಅಡುಗೆಮನೆಯಿಂದ ನಮಗೆ ಕರೆ ಬಂತು. ಅಗಿಯಲಾಗದವರಿಗೆ, ಕಾಯಿಲೆಯಿಂದ ಸೊರಗಿದ ಮಕ್ಕಳಿಗೆ ದಿನಾಲೂ ಬೆಳಿಗ್ಗೆ ಕೊಡಲು ನಮ್ಮ ಬೆಣ್ಣೆ ಬೇಕಂತೆ. ಅಂಥ ಆರ್ಡರ್ ನಮ್ಮ ಶೆಡ್ಡಿನ ಬಾಗಿಲು ದಾಟಿ ಎಂದೂ ಬಂದಿರಲಿಲ್ಲ. ಓರಗಿತ್ತಿ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಇದಕ್ಕೆ ಇಳಿದವಳು. ಇದು ನಡೆಯದಿದ್ದರೆ ಮತ್ತೆ ಹೋಗಿ ಅಲ್ಲಿಯ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಈ ಆರ್ಡರನ್ನೇ ನಂಬಿ ನಾವು ಹೊಸ ಅರೆಯುವ ಯಂತ್ರ ತಂದು ಕೂರಿಸಿದೆವು. ಆದರೆ ಆ ಅಡುಗೆಮನೆಯ ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡುವ ಜಾತಿಯವರು. ರುಚಿ ನೋಡಿ ತಲೆದೂಗಿದವರು, ಪೌಚನ್ನು ತಿರುಗಿಸಿ ಮುರುಗಿಸಿ, “ಇದು ಎಣ್ಣೆ ಪದಾರ್ಥ ತುಂಬೋಕೆ ತಕ್ಕದ್ದು ಅಂತ ಪೌಚ್ ಮಾಡಿದವರೇ ಬರೆದುಕೊಟ್ಟ ಕಾಗದ ಬೇಕು. ನಾನು ಬಡಿಸೋದು ಹಾಸಿಗೆ ಹಿಡಿದವರಿಗೆ. ವಾಸನೆ ಬಂದರೂ ಅವರು ಪಾಪ ಬಾಯಿ ಬಿಡಲ್ಲ, ಕಾಯಿಲೆಗೇ ಹೀಗನಿಸುತ್ತೆ ಅಂದ್ಕೋತಾರೆ” ಎಂದರು. ಒಂದೇ ಒಂದು ಕಾಗದ ತಾನೇ, ಕೇಳಿದರೆ ಕೊಡುತ್ತಾರೆ ಎಂದು ನಾನು ನಕ್ಕುಬಿಟ್ಟೆ. ಮಾನ್ಯರೇ, ಆ ನಗುವನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಕನಿಕರ ಬರುತ್ತದೆ.

ತಾವು ಒಂದು ಕಾಗದ ಕೇಳಿದವರಿಗೆ ಒಂದನ್ನೇ ಕೊಟ್ಟು ಕಳಿಸುವ ಜುಗ್ಗರಲ್ಲ. ಮೊದಲು ಬಂದದ್ದು ನುಣುಪಾದ ಹಾಳೆಗಳ ಒಂದು ಪುಸ್ತಕ. ಮುಖಪುಟದಲ್ಲಿ ಒಂದು ಎಲೆ, ಎಲೆಯ ಮೇಲೆ ಒಂದು ಹನಿ, ಒಳಗೆಲ್ಲ ತಾವು ಭೂಮಿಯನ್ನು ಎಷ್ಟು ಪ್ರೀತಿಸುತ್ತೀರೆಂಬ ವಿವರ. ಓದಿ ನಮಗೂ ಭೂಮಿಯ ಮೇಲೆ ಪ್ರೀತಿ ಹೆಚ್ಚಿತು, ಎಣ್ಣೆಯ ವಿಚಾರ ಮಾತ್ರ ಸಿಗಲಿಲ್ಲ. ಮತ್ತೆ ಬರೆದೆ. ತಮ್ಮ ಗೇಟಿನ ಬಳಿ ಲಾರಿ ತೂಗುವ ತೂಕದ ಯಂತ್ರ ಕರಾರುವಾಕ್ಕಾಗಿದೆಯೆಂಬ ಸರ್ಟಿಫಿಕೇಟು ಬಂತು. ಸಂತೋಷಪಟ್ಟೆವು. ಮತ್ತೂ ಬರೆದೆ. ಈ ಸಲ ಸರಿಯಾದ ತಲೆಬರಹವೇ ಇತ್ತು, ಕೆಳಗೆ ಸಹಿ, ಸೀಲು, ಬ್ಯಾಚ್ ನಂಬರ್ ಎಲ್ಲ ಇದ್ದವು. ಆದರೆ ಅದು ಅಂಗಡಿಗಳಲ್ಲಿ ಹಾಸಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯದು. ಓರಗಿತ್ತಿ ಅದನ್ನು ಎರಡು ಸಲ ಓದಿ, “ನಮ್ಮ ಬೆಣ್ಣೆ ಮಲಗೋ ಜಾತಿದಲ್ಲ ಅಂತ ಅವರಿಗೆ ಬರೀರಿ ಅಕ್ಕ” ಎಂದಳು. ಹಾಗೆಯೇ ಬರೆದೆ, ಹೆಚ್ಚು ವಿನಯದಿಂದ.

ಆಗ ತಾವು ಸ್ವಹಸ್ತದಿಂದ ಸಹಿ ಮಾಡಿ ಕಳಿಸಿದ ಉತ್ತರವಿದೆಯಲ್ಲ, ಅದನ್ನು ನಾನು ಅಂಗೈಯಲ್ಲಿಟ್ಟು ಪೂಜಿಸಬೇಕು. ‘ಈ ವಸ್ತುವು ಬಳಕೆದಾರರ ಉದ್ದೇಶಕ್ಕೆ ತಕ್ಕುದೇ ಎಂಬುದನ್ನು ಬಳಕೆದಾರರೇ ಖಚಿತಪಡಿಸಿಕೊಳ್ಳತಕ್ಕದ್ದು’ ಎಂದು ಅದರಲ್ಲಿತ್ತು. ಒಪ್ಪಿದೆವು. ಖಚಿತಪಡಿಸಿಕೊಳ್ಳಲು ಇದನ್ನು ಯಾವುದರಿಂದ ಮಾಡಿದ್ದೀರಿ, ಎಷ್ಟು ಪದರವಿದೆ, ಅಚ್ಚಿನ ಬಣ್ಣ ಎಂಥದು ತಿಳಿಸಿ ಎಂದು ಕೇಳಿದೆವು. ಅದು ವ್ಯಾಪಾರದ ಗುಟ್ಟು, ತಿಳಿಸಲಾಗದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಮ್ಮದನ್ನು ನಾವೇ ತಿಳಿದುಕೊಳ್ಳಬೇಕು, ಆದರೆ ತಿಳಿಸುವವರು ಯಾರೂ ಇರಕೂಡದು: ಇಷ್ಟು ದೊಡ್ಡ ತತ್ತ್ವವನ್ನು ಎರಡು ಪತ್ರಗಳಲ್ಲಿ ಹೇಳಿ ಮುಗಿಸುವವರು ತಪಸ್ಸು ಮಾಡುವ ಗುಹೆಗಳಲ್ಲಿ ಸಿಗಬೇಕು, ಪೌಚ್ ಕಂಪನಿಯಲ್ಲಿ ಸಿಕ್ಕರಲ್ಲ ಎಂಬುದೇ ನಮ್ಮ ಭಾಗ್ಯ.

ಇತ್ತ ಆಸ್ಪತ್ರೆಯವರು ಕಾಯುತ್ತಿದ್ದರು, ಹೊಸ ಯಂತ್ರ ಸುಮ್ಮನೆ ಕೂತಿತ್ತು. ಆಗ ಅಂದ್ಕೊಳ್ಳಿ ಸಾಹೇಬರು ಫೋನಿನಲ್ಲಿ ಒಂದು ದಾರಿ ತೋರಿಸಿದರು. “ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ ಮೇಡಂ? ಬೇಕಾದ್ದನ್ನ ನೀವೇ ಟೈಪ್ ಮಾಡಿ ಇಡಿ. ನಾನು ಲೆಟರ್‌ಹೆಡ್ ತಂದು ಸೀಲ್ ಹೊಡೆದು ಕೊಡ್ತೀನಿ. ಆಯ್ತು ಅಂದ್ಕೊಳ್ಳಿ.” ನಾನು ಬೇಡವೆಂದೆ. ಓರಗಿತ್ತಿ ಬೇಕೆಂದಳು. ಅಲ್ಲಿಗೆ ನಮ್ಮಿಬ್ಬರಿಗೆ ಜಗಳ ಹತ್ತಿತು.

“ವಾಸನೆ ಹಿಡಿದದ್ದು ನನ್ನ ಮೂಗು ಅಕ್ಕ. ಆ ಮೂಗೇ ಸುಮ್ಮನಿರ್ತೀನಿ ಅಂತಿರೋವಾಗ ನಿಮ್ಮದೇನು ತಕರಾರು?” ಎಂದಳು. “ಸುಮ್ಮನಿದ್ದರೂ ಅದು ನಿನ್ನ ಮುಖದಲ್ಲೇ ಇರುತ್ತಲ್ಲ ತಾಯಿ, ದಿನಾ ಕನ್ನಡಿಯಲ್ಲಿ ಅದನ್ನ ನೋಡ್ಕೊಂಡು ಹೇಗಿರ್ತೀಯ?” ಎಂದೆ. “ನಿಮಗೇನು, ವಾಪಸು ಹೋಗಿ ಮೇಸ್ತ್ರಿ ಕೈಲಿ ಬೈಸ್ಕೊಳ್ಳೋದು ನಾನು ತಾನೇ!” ಎಂದು ಅವಳು ಬೆನ್ನು ತಿರುಗಿಸಿದಳು. ಅವಳ ದನಿ ನಡುಗಿದ್ದು ನನಗೆ ಕೇಳಿಸಿತು. ಆಮೇಲೆ ನಾವಿಬ್ಬರೂ ಒಬ್ಬರೊಂದಿಗೊಬ್ಬರು ಮಾತು ಬಿಟ್ಟು, ಹೇಳಬೇಕಾದ್ದನ್ನೆಲ್ಲ ಯಂತ್ರಕ್ಕೆ ಹೇಳತೊಡಗಿದೆವು. ಅವಳು ಯಂತ್ರವನ್ನು ನೋಡಿಕೊಂಡು “ಕಡಲೆಬೀಜದ ಮೂಟೆ ಬಂದಿದೆಯಂತೆ, ಯಾರಾದರೂ ಇಳಿಸ್ಕೊಂಡರೆ ಒಳ್ಳೇದು” ಎನ್ನುವಳು. ನಾನು ಅದೇ ಯಂತ್ರಕ್ಕೆ “ಇಳಿಸ್ಕೊಂಡಾಯ್ತು” ಎನ್ನುವೆ. ನಮ್ಮ ಮನೆಯ ಗಂಡಸರಿಬ್ಬರೂ ಆ ದಿನಗಳಲ್ಲಿ ಶೆಡ್ಡಿನ ಕಡೆ ತಲೆ ಹಾಕದೆ ತಮ್ಮ ತಟ್ಟೆ ತಾವೇ ತೊಳೆದಿಟ್ಟು ಹೋಗುತ್ತಿದ್ದರು.

ಹೀಗಿರುವಾಗ ಅಂದ್ಕೊಳ್ಳಿ ಸಾಹೇಬರು ಕರೆಯದೆಯೇ ಬಂದರು. ಕೈಯಲ್ಲಿ ತಮ್ಮ ಕಂಪನಿಯ ಹಾಳೆ. ಅದರ ಕೆಳಗೆ ಆಗಲೇ ಸೀಲು ಬಿದ್ದಿತ್ತು, ಮೇಲೆ ಜಾಗ ಖಾಲಿ. ಸತ್ಯವನ್ನು ಆಮೇಲೆ ಭರ್ತಿ ಮಾಡಿಕೊಳ್ಳುವ ಆ ಏರ್ಪಾಡು ತಮಗೆ ತಿಳಿದಿರಲಾರದೆಂದೇ ನಂಬಿದ್ದೇನೆ. ಆರಲು ಹರಡಿದ್ದ ಹುರಿದ ಕಡಲೆಬೀಜವನ್ನು ಅವರು ಮುಷ್ಟಿ ತುಂಬ ಬಾಚಿ, ಒಂದೊಂದಾಗಿ ಬಾಯಿಗೆಸೆಯುತ್ತಾ, ಲೋಕದಲ್ಲಿ ಎಲ್ಲರೂ ಹೀಗೆಯೇ ಮಾಡುವುದೆಂದು ನಮಗೆ ಧೈರ್ಯ ತುಂಬುತ್ತಿದ್ದರು. ಓರಗಿತ್ತಿ ಹಾಳೆಯನ್ನು ಕೈಗೆ ತೆಗೆದುಕೊಂಡಳು. ನಾನು ಮುಖ ತಿರುಗಿಸಿದೆ. ಅವಳು ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಿಟಕಿಯ ಬಿಸಿಲಿನಲ್ಲಿದ್ದ ಒಂದು ಪೌಚನ್ನು ಕತ್ತರಿಸಿ, ಒಂದು ಚಮಚ ಬೆಣ್ಣೆ ತೆಗೆದು, ಮನೆಗೆ ಬಂದವರಿಗೆ ಉಪಚಾರ ಮಾಡುವ ಹಾಗೆ ಅವರ ಮುಂದೆ ಹಿಡಿದು, “ತಗೊಳ್ಳಿ ಸರ್, ನೀವೇ ಮೊದಲು ರುಚಿ ನೋಡಿ” ಎಂದಳು. ಚಮಚ ಮೂಗಿನವರೆಗೆ ಬಂದದ್ದೇ ಸಾಹೇಬರು ಹಿಂದೆ ಸರಿದರು. “ಅಯ್ಯೋ, ನನಗೆ ಕಡಲೆಬೀಜ ಆಗಿಬರಲ್ಲ ಮೇಡಂ. ತಿಂದರೆ ಮೈಯೆಲ್ಲ ದದ್ದು ಏಳುತ್ತೆ.”

ಅವರ ಒಂದು ಕೈಯ ಮುಷ್ಟಿ ಇನ್ನೂ ತುಂಬಿತ್ತು. ಮೀಸೆಯ ಮೇಲೆ ಕೆಂಪು ಸಿಪ್ಪೆಯೊಂದು ಅಂಟಿಕೊಂಡು ಅವರು ಉಸಿರು ಬಿಟ್ಟಾಗಲೆಲ್ಲ ಅಲುಗುತ್ತಿತ್ತು. ಓರಗಿತ್ತಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕಂಕುಳಿಂದ ಹಾಳೆ ತೆಗೆದು, ನೀಟಾಗಿ ಮಡಚಿ, ಅವರ ಅಂಗಿಯ ಜೇಬಿಗೆ ತಾನೇ ಇಟ್ಟು, “ಇದು ನಿಮ್ಮ ಹತ್ತಿರವೇ ಇರಲಿ ಸರ್. ದದ್ದು ಎದ್ದರೆ ಡಾಕ್ಟರಿಗೆ ತೋರಿಸೋಕೆ ಬೇಕಾಗುತ್ತೆ” ಎಂದಳು. ಅವರು ಹೋದ ಮೇಲೆ ಚಮಚ ತೊಳೆದಿಟ್ಟು, ಯಂತ್ರದ ಕಡೆ ನೋಡದೆ ನನ್ನನ್ನೇ ನೋಡಿ, “ಊಟಕ್ಕೆ ಏಳಿ ಅಕ್ಕ, ಅನ್ನ ಆರ್ತಿದೆ” ಎಂದಳು. ಅಷ್ಟೇ. ಜಗಳ ಮುಗಿಯಿತು.

ಸುಳ್ಳು ಕಾಗದ ಬೇಡವೆಂದಾಯಿತು. ನಿಜವಾದ ಕಾಗದ ಇನ್ನೂ ಬರಬೇಕಿತ್ತು. ನಾನು ಪತ್ರ ಬಿಟ್ಟು ಫೋನು ಹಿಡಿದೆ. ತಮ್ಮ ಕಂಪನಿಯ ಫೋನು ಎತ್ತುತ್ತಿದ್ದ ಹುಡುಗಿಯ ದನಿ ನನಗೆ ಅಷ್ಟರಲ್ಲಿ ನಮ್ಮ ಮನೆಯವರ ದನಿಗಿಂತ ಹೆಚ್ಚು ಪರಿಚಿತ. “ಲೈನಲ್ಲೇ ಇರಿ ಮೇಡಂ” ಎಂದು ಅವಳು ಹೇಳುವಳು, ಕೊಳಲಿನ ಸಂಗೀತ ಬರುವುದು, ಸಂಗೀತ ಮುಗಿಯುವುದು, ಅವಳೇ ಮತ್ತೆ ಬಂದು “ಸಾಹೇಬರು ಸೀಟಿನಲ್ಲಿ ಇಲ್ಲ ಮೇಡಂ” ಎನ್ನುವಳು. ಇಷ್ಟು ದಿನವೂ ಸೀಟನ್ನು ಖಾಲಿ ಬಿಟ್ಟು, ಅದು ಸವೆಯದಂತೆ ಕಾಪಾಡಿದ ತಮ್ಮ ಮಿತವ್ಯಯ ದೊಡ್ಡದು. ಒಂದು ದಿನ ಆ ಹುಡುಗಿ ಸಂಗೀತ ಹಾಕಲಿಲ್ಲ. “ಮೇಡಂ, ಒಂದು ಮಾತು ಕೇಳಲಾ? ನಿಮ್ಮದು ಆ ಹಸಿರು ಪೌಚಿನ ಕಡಲೆಬೀಜದ ಬೆಣ್ಣೆನಾ?” ಎಂದಳು. ಹೌದೆಂದೆ. “ನಮ್ಮತ್ತೆಗೆ ಹಲ್ಲಿಲ್ಲ. ಬೆಳಿಗ್ಗೆ ಅವರು ತಿನ್ನೋದು ಅದೊಂದನ್ನೇ. ಈಚೆಗೆ ಯಾಕೋ ಬೇಡ ಅಂತಾರೆ, ವಾಸನೆ ಅಂತಾರೆ. ವಯಸ್ಸಾಯ್ತು, ಹಠ ಮಾಡ್ತಾರೆ ಅಂತ ನಾನೇ ಗದರಿಸಿ ತಿನ್ನಿಸ್ತಿದ್ದೆ” ಎಂದಳು. ಆಮೇಲೆ “ಫೋನ್ ಇಡಿ ಮೇಡಂ, ನಾನೇ ಮಾಡ್ತೀನಿ” ಎಂದಳು.

ಅವಳು ಏನು ಮಾಡಿದಳೆಂದರೆ, ಮಾನ್ಯರೇ, ತಮ್ಮ ಕಂಪನಿಯಲ್ಲಿ ಯಾರಿಗೂ ಹೊಳೆಯದ ಒಂದು ಸಾಹಸ ಮಾಡಿದಳು: ಮೆಟ್ಟಿಲು ಹತ್ತಿದಳು. ತಮ್ಮ ವಿಭಾಗದ ನೆತ್ತಿಯ ಮೇಲೆಯೇ ತಮ್ಮದೇ ಲ್ಯಾಬು ಇದೆಯಂತೆ. ಅಲ್ಲಿ ಒಬ್ಬ ಸಿಡುಕು ಮೋರೆಯ ಪರೀಕ್ಷಕರು ಇದ್ದಾರಂತೆ. ಹುಡುಗಿ ಪೌಚ್ ತೋರಿಸಿ ವಿಷಯ ಹೇಳಿದೊಡನೆ ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. “ಎಣ್ಣೆ ಪದಾರ್ಥಕ್ಕಾ? ಅದೂ ಬಿಸಿಬಿಸಿಯಾಗಿ? ಯಾರ್ರೀ ಮಾರಿದ್ದು ಇದನ್ನ? ಇದು ಅವಲಕ್ಕಿ, ಹಿಟ್ಟು ಅಂಥದ್ದು ತುಂಬೋ ಪ್ಲಾಸ್ಟಿಕ್ ಫಿಲ್ಮು. ಒಳಗಿನ ಪದರ ತೆಳು. ಬಿಸಿ ಎಣ್ಣೆ ಕೂತರೆ ಹೊರಗಿನ ಬಣ್ಣದ ವಾಸನೆನೆಲ್ಲ ಒಳಗೆ ಎಳ್ಕೊಳ್ಳುತ್ತೆ.” ಹಾಗಾದರೆ ಅದನ್ನು ಬರೆದುಕೊಡಿ ಎಂದು ಹುಡುಗಿ ಕೇಳಿದಳು. “ಬರೆದೇ ಇಟ್ಟಿದ್ದೀನಲ್ಲಮ್ಮ, ಕೆಳಗಿನವರು ಯಾರೂ ಬಂದು ಕೇಳಲಿಲ್ಲ” ಎಂದು ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು, ಆ ದಿನದ ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು. ಅವಳು ಅದನ್ನು ತನ್ನ ಮೇಜಿನಿಂದಲೇ ನಮಗೆ ಕಳಿಸಿದಳು.

‘ಒಣ ಆಹಾರ ಪದಾರ್ಥಗಳಿಗೆ, ಸಾಧಾರಣ ಉಷ್ಣತೆಯಲ್ಲಿ ಮಾತ್ರ. ಎಣ್ಣೆಯ ಅಥವಾ ಕೊಬ್ಬಿನ ಅಂಶವಿರುವ ಪದಾರ್ಥಗಳಿಗಾಗಲಿ, ಬಿಸಿಯಾಗಿ ತುಂಬುವುದಕ್ಕಾಗಲಿ ತಕ್ಕುದಲ್ಲ.’ ತಮ್ಮ ಕಂಪನಿಯಿಂದ ಹೊರಟ ಅಷ್ಟೂ ಸಾಹಿತ್ಯದಲ್ಲಿ ನನಗೆ ಅರ್ಥವಾದ ವಾಕ್ಯಗಳು ಇವೆರಡೇ. ನಮ್ಮ ಹೊಟ್ಟೆಗೆ ಹೊಡೆಯುವ ವಾಕ್ಯಗಳೆಂಬುದು ನಿಜ, ಆದರೂ ಓದಿದಾಗ ಎದೆ ಹಗುರವಾಯಿತು. ಬೇಡ ಎಂದು ನೇರವಾಗಿ ಹೇಳಿಸಿಕೊಂಡರೆ ಮುಂದೇನು ಮಾಡಬೇಕೆಂದಾದರೂ ತಿಳಿಯುತ್ತದೆ.

ನಾವಿಬ್ಬರೂ ಅಂಗಡಿಯಿಂದ ಅಂಗಡಿಗೆ ಹೋಗಿ ಹಸಿರು ಪೌಚುಗಳನ್ನೆಲ್ಲ ವಾಪಸು ತಂದೆವು. ಯಾಕೆಂದು ಕೇಳಿದವರಿಗೆ ಓರಗಿತ್ತಿ ಸುತ್ತಿ ಬಳಸದೆ, “ಪೌಚಿನ ವಾಸನೆ ಬೆಣ್ಣೆಗೆ ಹಿಡೀತಿದೆ, ತಿನ್ನೋದು ಬೇಡ” ಎಂದಳು. ಒಬ್ಬ ಅಂಗಡಿಯವರು ಇನ್ನು ಮುಂದೆ ನಮ್ಮ ಮಾಲು ಇಡುವುದಿಲ್ಲವೆಂದರು, ಉಳಿದವರು ನೋಡೋಣವೆಂದರು. ಆಸ್ಪತ್ರೆಗೆ ಆ ಹಾಳೆಯನ್ನೇ ಹಿಡಿದುಕೊಂಡು, ಆರ್ಡರು ಕೈತಪ್ಪಿತೆಂದೇ ಲೆಕ್ಕ ಹಾಕಿಕೊಂಡು ಹೋದೆವು. ಮೇಲ್ವಿಚಾರಕಿ ಕನ್ನಡಕದ ಮೇಲಿಂದ ಹಾಳೆಯನ್ನೂ, ಕನ್ನಡಕದೊಳಗಿಂದ ನಮ್ಮನ್ನೂ ನೋಡಿ, “ನಮ್ಮ ಮಾಲು ತಗೋಬೇಡಿ ಅನ್ನೋ ಕಾಗದ ತಂದುಕೊಟ್ಟವರನ್ನ ಇವತ್ತೇ ನೋಡಿದ್ದು” ಎಂದರು. ಆಮೇಲೆ, ಇದೇನು ದೊಡ್ಡ ವಿಷಯ ಎನ್ನುವ ಹಾಗೆ, “ಪೌಚೇ ಯಾಕ್ರಮ್ಮ? ನಾನೇನು ಅಂಗಡಿ ಇಟ್ಟಿದ್ದೀನಾ? ದೊಡ್ಡ ಸ್ಟೀಲ್ ಡಬ್ಬದಲ್ಲಿ ತನ್ನಿ, ಖಾಲಿ ಡಬ್ಬ ತಗೊಂಡು ಹೋಗಿ” ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಓರಗಿತ್ತಿ ಅತ್ತಳು. ಹೊಸ ಯಂತ್ರ ಮರುದಿನ ಬೆಳಿಗ್ಗೆ ತಿರುಗಿತು.

ಇಲ್ಲಿಗೆ ನಾನು ತಮಗೆ ವಂದನೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗಿಗೆ ವಂದನೆ ಹೇಳೋಣವೆಂದು ಫೋನು ಮಾಡಿದರೆ, ‘ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು’ ಎಂದು ಯಾರದೋ ಅಚ್ಚು ಹಾಕಿದ ದನಿ. ಎರಡನೆಯ ದಿನವೂ ಅದೇ. ಓರಗಿತ್ತಿಗೆ ಕಸಿವಿಸಿಯಾಯಿತು. ಗಾಜಿನ ಬಾಟಲಿಯಲ್ಲಿ ಹೊಸ ಬೆಣ್ಣೆ ತುಂಬಿಕೊಂಡು ಬಸ್ಸು ಹತ್ತಿ ತಮ್ಮ ಕಂಪನಿಗೇ ಹೋದಳು. ಗೇಟಿನ ಪುಸ್ತಕದಲ್ಲಿ ಬಂದ ಉದ್ದೇಶವೇನೆಂಬ ಅಂಕಣದಲ್ಲಿ ‘ಅತ್ತೆಗೆ ಬೆಣ್ಣೆ’ ಎಂದು ಬರೆದಳು. ಕಾವಲಿನವನು “ಯಾರ ಅತ್ತೆಗಮ್ಮ?” ಎಂದ. “ನಿಜ ಹೇಳಿದವಳ ಅತ್ತೆಗೆ” ಎಂದಳು. ಯಾರೆಂದು ಅವನಿಗೆ ಕೂಡಲೇ ಗೊತ್ತಾಯಿತಂತೆ. ಅಷ್ಟು ಜನರಿರುವ ಕಂಪನಿಯಲ್ಲಿ ಇಷ್ಟು ಹೇಳಿದರೆ ಗುರುತು ಸಿಗುತ್ತದೆಂದರೆ ತಾವು ಎಂಥ ಶಿಸ್ತನ್ನು ಕಾಪಾಡಿದ್ದೀರಿ!

ಹುಡುಗಿಯನ್ನು ಫೋನಿಲ್ಲದ ಗೋದಾಮಿಗೆ ಹಾಕಲಾಗಿತ್ತು. ವಿಭಾಗದ ಅನುಮತಿಯಿಲ್ಲದೆ ತಾಂತ್ರಿಕ ದಾಖಲೆಯನ್ನು ಹೊರಗಿನವರಿಗೆ ರವಾನಿಸಿದ ತಪ್ಪಿಗೆ ತಾವು ಅವಳಿಗೆ ಮೆಮೊ ಕೊಟ್ಟಿದ್ದಿರಿ. ‘ನಾನೇ ಕೊಟ್ಟದ್ದು’ ಎಂದು ಲ್ಯಾಬಿನವರು ಕೆಳಗಿಳಿದು ಬಂದು ಹೇಳಿದರೂ, ಹಾಳೆಯಲ್ಲಿ ತಪ್ಪಿಲ್ಲ, ಅದು ತಲುಪಿದ್ದೇ ತಪ್ಪು ಎಂದು ತಾವು ವಿವರಿಸಿದಿರಂತೆ. ಓರಗಿತ್ತಿ ಅಲ್ಲೇ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು, “ನಮ್ಮ ಜೊತೆ ಬಂದುಬಿಡು” ಎಂದಳು. “ನನಗೆ ಹುರಿಯೋದು ಅರೆಯೋದು ಬರಲ್ಲಕ್ಕ” ಎಂದಳು ಹುಡುಗಿ. “ಅದಕ್ಕೆ ನಾನಿದ್ದೀನಿ. ಕೇಳಬೇಕಾದವರನ್ನ ಕೇಳೋಕೆ ನೀನು ಬೇಕು.” ಅವಳು ಒಪ್ಪಲಿಲ್ಲ. “ಈಗ ಬಂದರೆ ತಪ್ಪು ಮಾಡಿ ಓಡಿಬಂದ ಹಾಗಾಗುತ್ತೆ. ಮೊದಲು ಅವರು ಉತ್ತರ ಕೊಡಲಿ” ಎಂದಳು. ಮೆಮೊಗೆ ಅವಳು ಕೊಟ್ಟ ಜವಾಬು ಒಂದೇ ಸಾಲಿನದು: ‘ನಾನು ಕಳಿಸಿದ ಹಾಳೆಯಲ್ಲಿ ಸುಳ್ಳು ಯಾವುದೆಂದು ದಯವಿಟ್ಟು ತಿಳಿಸಬೇಕು.’ ಲ್ಯಾಬಿನವರು ಅದರ ಕೆಳಗೆ ಸಹಿ ಹಾಕಿದರು, ಗೋದಾಮಿನವರೂ ಹಾಕಿದರು. ತಾವು ಎಂದಿನಂತೆ ಉತ್ತರ ಕೊಡಲಿಲ್ಲ. ಕಾದು ಕಾದು, ಹೋದ ತಿಂಗಳು ಅವಳು ರಾಜೀನಾಮೆ ಬರೆದಿಟ್ಟು ನಮ್ಮ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, “ಉತ್ತರ ಬರಲ್ಲ ಅಂತ ಗೊತ್ತಾಯ್ತು ಮೇಡಂ. ಅದೇ ಅವರ ಉತ್ತರ ಅಂತ ತಿಳ್ಕೊಂಡೆ” ಎಂದಳು.

ಈಗ ತಮ್ಮಲ್ಲಿ ನನ್ನ ಬೇಡಿಕೆಗಳು. ಕಡಲೆಬೀಜ ಎಣ್ಣೆ ಬಿಡದಂತೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಅದಕ್ಕೊಂದು ಸುತ್ತೋಲೆ ಹೊರಡಿಸಬೇಕೆಂದು ಮೊದಲು ಕೋರುತ್ತೇನೆ. ತಮ್ಮ ಸೀಲು ಕಂಡರೆ ಅದು ಹೆದರಿ ಒಣಗೀತು. ಬಿಸಿಲು ಅಂಗಡಿಯ ಗಾಜಿನೊಳಗೆ ಬರುವ ಮುನ್ನ ವಿಭಾಗದ ಅನುಮತಿ ಪಡೆಯತಕ್ಕದ್ದೆಂದು ಒಂದು ಮೆಮೊ ಸೂರ್ಯನಿಗೂ ಹೋಗಲಿ. ತಾವು ಕಳಿಸುವ ಸರ್ಟಿಫಿಕೇಟುಗಳನ್ನು ತಿನ್ನಲು ಯೋಗ್ಯವಾದ ಹಾಳೆಯ ಮೇಲೆ ಅಚ್ಚು ಹಾಕಿಸಿದರೆ ಇನ್ನೂ ಚೆನ್ನ, ಓದಿ ಉಪಯೋಗವಾಗದಿದ್ದಾಗ ಬೇರೆ ಉಪಯೋಗವಾದರೂ ಆಗುತ್ತದೆ. ಇನ್ನು ತಮ್ಮ ವಿಭಾಗದಿಂದ ಲ್ಯಾಬಿಗೆ ಹೋಗುವ ಆ ಮೆಟ್ಟಿಲಿಗೆ ಯಾರಾದರೂ ಒಂದು ಬಾಣದ ಗುರುತು ಬರೆಸಿಕೊಡಲಿ; ಬಣ್ಣದ ಖರ್ಚು ನಮ್ಮದು.

ಇವೆಲ್ಲ ಆಗದ ಕೆಲಸಗಳೆಂದು ತಾವು ಹೇಳುವುದಾದರೆ, ಆಗುವ ಕೆಲಸ ಒಂದೇ ಒಂದಿದೆ. ನಮ್ಮಲ್ಲಿಗೆ ಬಂದ ಆ ಹುಡುಗಿ, ತಾನು ಅಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಅನುಭವ ಪತ್ರ ಕೇಳಿದ್ದಾಳೆ. ನಮಗೆ ಅದು ಬೇಡ. ಅವಳು ಇಲ್ಲಿ ಕೂತ ಮೊದಲ ವಾರದಲ್ಲೇ ಸ್ಟೀಲ್ ಡಬ್ಬದವರಿಂದ, ಮುಚ್ಚಳದವರಿಂದ, ಮುಚ್ಚಳದೊಳಗಿನ ರಬ್ಬರಿನವರಿಂದ ಎಣ್ಣೆಗೆ ತಕ್ಕದ್ದೆಂಬ ಡಿಕ್ಲರೇಶನ್ ಕಾಗದ ತರಿಸಿ ಆಸ್ಪತ್ರೆಯವರ ಕೈಗಿಟ್ಟಿದ್ದಾಳೆ. ಒಬ್ಬರು ತಡ ಮಾಡಿದ್ದಕ್ಕೆ ಅವರ ಲ್ಯಾಬಿನವರ ಊಟದ ಹೊತ್ತನ್ನು ತಿಳಿದುಕೊಂಡು ಸರಿಯಾಗಿ ಆ ಹೊತ್ತಿಗೇ ಫೋನು ಮಾಡಿ ಹಿಡಿದಳು. ಪತ್ರ ಬೇಕಾಗಿರುವುದು ಅವಳಿಗೆ. ತಾನು ಹೊರಟುಬಂದ ಬಾಗಿಲು ತನ್ನ ಹಿಂದೆ ಹೇಗೆ ಮುಚ್ಚಿತು ಎಂಬುದು ಮನುಷ್ಯರಿಗೆ ಮನಸ್ಸಿನಲ್ಲಿ ಉಳಿಯುತ್ತದೆ. ಅವಳ ಅತ್ತೆಯೂ ನನ್ನ ಬಳಿ ಬಂದು, “ನನ್ನ ಸೊಸೆ ಕಳ್ಳಿಯಲ್ಲ ಅಂತ ಅವರು ಬರೆದು ಕೊಡಬೇಕು” ಎಂದು ಹಲ್ಲಿಲ್ಲದ ಬಾಯಿಂದ ಸ್ಪಷ್ಟವಾಗಿ ಹೇಳಿ ಹೋದರು. ಹೆಚ್ಚು ಬರೆಯುವ ಶ್ರಮ ತಮಗೆ ಬೇಡ. ‘ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ. ಕೇಳಿದವರಿಗೆ ನಿಜ ಹೇಳಿದ್ದಾರೆ’ ಎಂದಿಷ್ಟೇ ಸಾಕು. ಕೆಳಗೆ ತಮ್ಮ ಸಹಿ ಇರಲಿ. ತಾವು ಸೀಟಿಗೆ ಬಂದ ದಿನ ಹಾಕಿದರಾಯಿತು, ಅಲ್ಲಿಯವರೆಗೂ ನಾವು ಬಿಡದೆ ಕೇಳುತ್ತಿರುತ್ತೇವೆ.

ಇಷ್ಟಾದರೂ ತಮ್ಮ ಮೇಲಿನ ಗೌರವ ಕಡಿಮೆ ಮಾಡಿಕೊಳ್ಳದ,
ತಮ್ಮ ವಿಶ್ವಾಸಿ,
ಕಡಲೆಬೀಜದ ಬೆಣ್ಣೆಯವರ ಪೈಕಿ ಹಿರಿಯಳು

ಮರೆತ ಮಾತು: ಇದರ ಒಂದು ಪ್ರತಿಯನ್ನು ಅಂಚೆಯಲ್ಲೂ ತಮಗೆ ಕಳಿಸುತ್ತಿದ್ದೇನೆ. ಅನುಭವ ಪತ್ರವನ್ನು ವಾಪಸು ಕಳಿಸಲು ತಮ್ಮ ಅನುಕೂಲಕ್ಕೆಂದು ವಿಳಾಸ ಬರೆದ ಖಾಲಿ ಲಕೋಟೆಯೊಂದನ್ನು ಒಳಗಿಟ್ಟಿದ್ದೇನೆ. ಅದರ ಅಂಟು ನಾಲಿಗೆಗೆ ತಾಗಿದರೆ ಪರವಾಗಿಲ್ಲವೇ ಎಂದು ಲಕೋಟೆ ಮಾರಿದ ಮೂಲೆಯಂಗಡಿಯ ಅಜ್ಜನನ್ನು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಡಬ್ಬದ ಮೇಲಿದ್ದುದನ್ನು ಓದಿ, “ನೆಕ್ಕಬೇಡಿ ಅಂತ ಹೇಳಮ್ಮ, ನೀರು ಹಚ್ಚಿ ಅಂಟಿಸಲಿ” ಎಂದು ನಿಂತ ಕಾಲಲ್ಲೇ ಉತ್ತರ ಕೊಟ್ಟರು. ತಮಗೆ ಇಷ್ಟವಿದ್ದರೆ ಅವರ ಅಂಗಡಿಯ ವಿಳಾಸ ಕಳಿಸುತ್ತೇನೆ. ತಮ್ಮ ವಿಭಾಗದವರು ನಾಲ್ಕು ದಿನ ಅಲ್ಲಿ ಹೋಗಿ ಕೂತು ಕೆಲಸ ಕಲಿಯಬಹುದು.